ಕೇರನ್‌ನ ಮೈ ಸೀಳಿದ್ದು ಪ್ಲುಟೋವೇ? ತರಗತಿಯಲ್ಲಿ ಸಿಕ್ಕಿಬಿದ್ದಿದ್ದೇನೆ

ಹೊಸದುರ್ಗದ ಟೀಚರ್:

ಎಲ್ಲರಿಗೂ ನಮಸ್ಕಾರ. ಹೊಸದುರ್ಗ ತಾಲ್ಲೂಕಿನ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಕಳೆದ ಗುರುವಾರ ಎಂಟನೇ ತರಗತಿಯಲ್ಲಿ ಧೈರ್ಯವಾಗಿ ಒಂದು ಮಾತು ಹೇಳಿಬಿಟ್ಟೆ. ಅದು ಸರಿಯೋ ತಪ್ಪೋ ಈಗಲೂ ಗೊತ್ತಾಗುತ್ತಿಲ್ಲ.

ಸೌರಮಂಡಲದ ಪಾಠ ಮುಗಿದಿತ್ತು, ಗಂಟೆ ಹೊಡೆಯಲು ಇನ್ನೂ ಹದಿನೈದು ನಿಮಿಷ ಬಾಕಿ ಇತ್ತು. ಮಕ್ಕಳು ಸುಮ್ಮನೆ ಕೂರಲಿ ಎಂದು ಪ್ಲುಟೋದ ದೊಡ್ಡ ಚಂದ್ರ ಕೇರನ್‌ನ ಚಿತ್ರವನ್ನು ಗೋಡೆಯ ಮೇಲೆ ಹಾಕಿದೆ. 2015ರ ಜುಲೈ 14ರಂದು ನ್ಯೂ ಹೊರೈಜನ್ಸ್ ನೌಕೆ ಹತ್ತಿರದಿಂದ ಹಾದುಹೋದಾಗ ತೆಗೆದದ್ದು. ನೆತ್ತಿಯ ಮೇಲೆ ಕುಂಕುಮ ಚೆಲ್ಲಿದಂತಹ ಕೆಂಪು ಕಲೆ, ನಡುವಿನಲ್ಲಿ ಸೊಂಟಪಟ್ಟಿಯಂತೆ ಅಡ್ಡಲಾಗಿ ಹಾದುಹೋದ ಕಮರಿಗಳ ಸಾಲು. ಆ ಸಾಲಿನ ಉದ್ದ ಕನಿಷ್ಠ 1,800 ಕಿ.ಮೀ., ಕೆಲವು ಕಡೆ ಆಳ 7.5 ಕಿ.ಮೀ. ಎಂದು ಓದಿ ಹೇಳಿದೆ. ಇಡೀ ಚಂದ್ರನ ಅಡ್ಡಳತೆಯೇ 1,212 ಕಿ.ಮೀ. ಎಂದಾಗ ಹಿಂದಿನ ಬೆಂಚಿನವರೂ ತಲೆ ಎತ್ತಿದರು.

ಯಾರು ಸೀಳಿದ್ದು ಎಂದು ಒಬ್ಬಳು ಕೇಳಿದಳು. ಪ್ಲುಟೋ ಎಂದೆ. ಪ್ಲುಟೋ ಬರೀ 19,600 ಕಿ.ಮೀ. ದೂರದಲ್ಲಿದೆ, ಅದರ ಗುರುತ್ವ ಎಳೆದೂ ಎಳೆದೂ ಹಿಮದ ನೆಲ ಬಿರಿಯಿತು ಎಂದು ವಿವರಿಸಿದೆ. ಅವಳು ಕೂರಲಿಲ್ಲ. “ಟೀಚರ್, ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೇ ಸುತ್ತುತ್ತಾರೆ ಎಂದು ಈಗ ತಾನೇ ಹೇಳಿದಿರಿ. ಹಿಡಿತ ಬದಲಾಗದೇ ಇದ್ದರೆ ಮುರಿಯುವುದು ಹೇಗೆ? ಎಳೆದರೂ ಉಬ್ಬರ ಎರಡೂ ಕಡೆ ಏಳುತ್ತದಲ್ಲವೇ, ನಮ್ಮ ಸಮುದ್ರದ ಹಾಗೆ?”

ನನಗೆ ತಕ್ಷಣ ಹೊಳೆದದ್ದು ಒಂದೇ ಉತ್ತರ. ನೋಡು, ಬಿರುಕು ಇರುವುದು ಪ್ಲುಟೋ ಕಡೆಗೆ ತಿರುಗಿದ ಮುಖದಲ್ಲೇ, ಅದೇ ಸಾಕ್ಷಿ ಎಂದೆ. ಗಂಟೆ ಹೊಡೆಯಿತು, ಬದುಕಿಕೊಂಡೆ. ಆದರೆ ಮನೆಗೆ ಹೋಗುವಾಗ ಬಸ್ಸಿನಲ್ಲಿ ಕುಳಿತು ಯೋಚಿಸಿದಂತೆಲ್ಲ ನನ್ನ ಉತ್ತರ ನನಗೇ ಸಣ್ಣದಾಗಿ ಕಾಣಿಸತೊಡಗಿತು. ಈ ಗುರುವಾರ ಮತ್ತೆ ಅದೇ ತರಗತಿ ಇದೆ. ತಿಳಿದವರು ದಯವಿಟ್ಟು ಹೇಳಿ. ಮಕ್ಕಳಿಗೆ ಮಾಡಿ ತೋರಿಸುವಂಥದ್ದು ಏನಾದರೂ ಇದ್ದರೆ ಇನ್ನೂ ಒಳ್ಳೆಯದು.

ದೂರದರ್ಶಕಪ್ರಿಯ:

ಮೇಡಂ, ನೀವು ಹೇಳಿದ್ದು ಪೂರ್ತಿ ತಪ್ಪಲ್ಲ. ಗುರುವಿನ ಚಂದ್ರ ಯುರೋಪಾ, ಶನಿಯ ಎನ್ಸೆಲಾಡಸ್ ಎರಡರಲ್ಲೂ ಬಿರುಕು ಬಿಡಿಸುತ್ತಿರುವುದು ಗ್ರಹದ ಎಳೆತವೇ. ಅವುಗಳ ಕಕ್ಷೆ ಸಂಪೂರ್ಣ ದುಂಡಗಿಲ್ಲ. ಹತ್ತಿರ ಬಂದಾಗ ಹೆಚ್ಚು ಹಿಂಡಿಸಿಕೊಳ್ಳುತ್ತವೆ, ದೂರ ಹೋದಾಗ ಸಡಿಲವಾಗುತ್ತವೆ. ಯುರೋಪಾಗೆ ಈ ಹಿಂಡಾಟ ಮೂರೂವರೆ ದಿನಕ್ಕೊಮ್ಮೆ. ಕೇರನ್‌ನ ಕಕ್ಷೆ ಈಗ ದುಂಡಗಿದೆ ನಿಜ, ಆದರೆ ಹಿಂದೊಮ್ಮೆ ಹಾಗಿರಲಿಲ್ಲ ಎಂದುಕೊಂಡರೆ ನಿಮ್ಮ ಉತ್ತರ ಉಳಿಯುತ್ತದೆ.

ಇನ್ನೊಂದು, ಹೆಸರಿನ ಬಗ್ಗೆ. 1978ರ ಜೂನ್‌ನಲ್ಲಿ ಇದನ್ನು ಪತ್ತೆ ಮಾಡಿದ ಜೇಮ್ಸ್ ಕ್ರಿಸ್ಟಿ ತಮ್ಮ ಹೆಂಡತಿ ಶಾರ್ಲೀನ್ ಹೆಸರಿನಿಂದ ಈ ಹೆಸರು ಕಟ್ಟಿದರು, ಗ್ರೀಕ್ ಪುರಾಣದ ಅಂಬಿಗನ ಹೆಸರು ಆಮೇಲೆ ಕೈಗೆ ಸಿಕ್ಕಿತು. ಆದ್ದರಿಂದ ‘ಶ್ಯಾರನ್’ ಎನ್ನುವವರೂ ಇದ್ದಾರೆ. ಮಕ್ಕಳು ಹೇಗೆ ಹೇಳಿದರೂ ಅಂಕ ಕೊಡಿ.

ಹಳೆಸುತ್ತಿಗೆ:

ಮೇಡಂ, ಮೂವತ್ತೊಂದು ವರ್ಷ ಸುತ್ತಿಗೆ ಹಿಡಿದು ನಿಮ್ಮದೇ ಜಿಲ್ಲೆಯ ಕಲ್ಲುಗಳನ್ನು ತಟ್ಟಿಕೊಂಡು ತಿರುಗಿದವನು ನಾನು. ನಿವೃತ್ತನಾಗಿ ಮನೆಯಲ್ಲಿ ಕುಳಿತ ಮೇಲೆ ಬೇರೆ ಲೋಕಗಳ ಕಲ್ಲು ನೋಡುವ ಚಟ ಹತ್ತಿದೆ. ಮಂಡಿನೋವಿಗೆ ಅದೇ ಅನುಕೂಲ. ಮೊದಲು ಆ ಹುಡುಗಿಗೆ ನನ್ನ ಪರವಾಗಿ ಶಹಭಾಸ್ ಹೇಳಿ. ಆಮೇಲೆ ನಿಮ್ಮ ಕೊನೆಯ ಸಾಕ್ಷ್ಯವನ್ನು ಹಿಂತೆಗೆದುಕೊಳ್ಳಿ, ಯಾಕೆಂದರೆ ಅದು ಸಾಕ್ಷ್ಯವೇ ಅಲ್ಲ.

ನೌಕೆ ಸೆಕೆಂಡಿಗೆ ಸುಮಾರು 14 ಕಿ.ಮೀ. ವೇಗದಲ್ಲಿ ಹಾದುಹೋಯಿತು. ನಿಲ್ಲುವ ಮಾತಿಲ್ಲ, ತಿರುಗಿ ಬರುವ ಮಾತಿಲ್ಲ. ಕೇರನ್ ಒಂದು ಸುತ್ತು ತಿರುಗಲು 6.4 ದಿನ ಬೇಕು. ಹತ್ತಿರ ಹೋದ ಆ ಕೆಲವು ಗಂಟೆಗಳಲ್ಲಿ ಕ್ಯಾಮೆರಾದ ಎದುರಿಗೆ ಯಾವ ಮುಖ ಇತ್ತೋ ಅದಷ್ಟೇ ನಮಗೆ ಚೆನ್ನಾಗಿ ಸಿಕ್ಕಿದ್ದು. ಅದು ಪ್ಲುಟೋವನ್ನು ನೋಡುವ ಮುಖವಾಗಿತ್ತು. ಬೆನ್ನಿನ ಭಾಗವನ್ನು ಮೂರು ದಿನ ಮುಂಚೆ, ಲಕ್ಷಾಂತರ ಕಿಲೋಮೀಟರ್ ದೂರದಿಂದ ತೆಗೆದದ್ದು. ಮಂಜು ಹಿಡಿದ ಕನ್ನಡಕದಲ್ಲಿ ನೋಡಿದ ಹಾಗೆ ಇದೆ. ದಕ್ಷಿಣ ಧ್ರುವದ ಕಡೆಗೆ ಚಳಿಗಾಲದ ಕತ್ತಲು. ಬಿರುಕು ಪ್ಲುಟೋ ಕಡೆಗೇ ಇದೆ ಎನ್ನುವುದು, ದೀಪದ ಕೆಳಗೆ ಹುಡುಕಿದವನಿಗೆ ಉಂಗುರ ದೀಪದ ಕೆಳಗೇ ಸಿಕ್ಕಿತು ಎಂದಂತೆ. ಅಂಚಿನಲ್ಲಿ ಓರೆಯಾಗಿ ಕಾಣಿಸಿದ ಆರ್ಗೋ ಕಮರಿಯನ್ನು ನೋಡಿ: ಸುಮಾರು 700 ಕಿ.ಮೀ. ಉದ್ದ, 9 ಕಿ.ಮೀ. ಆಳ ಇರಬಹುದು ಎಂದು ಅಂದಾಜು. ಸೊಂಟಪಟ್ಟಿ ಕಣ್ಣಿಗೆ ಕಾಣುವ ಗೆರೆಯಲ್ಲಿ ನಿಂತಿಲ್ಲ, ಆಚೆಗೂ ಹೋಗಿದೆ.

ಇನ್ನು ಒಡೆದ ಬಗೆ. ನನ್ನ ಕಸುಬಿನಲ್ಲಿ ಯಾರು ಒಡೆದರು ಎಂದು ಮೊದಲು ಕೇಳುವುದಿಲ್ಲ, ಹೇಗೆ ಒಡೆದಿದೆ ಎಂದು ನೋಡುತ್ತೇವೆ. ನೆಲವನ್ನು ಎರಡು ಕಡೆಯಿಂದ ಒತ್ತಿದರೆ ಅದು ಮಡಿಕೆ ಬೀಳುತ್ತದೆ, ಒಂದರ ಮೇಲೊಂದು ಹತ್ತುತ್ತದೆ. ಎರಡು ಕಡೆಗೆ ಹಿಗ್ಗಿಸಿದರೆ ನಡುವಿನ ಪಟ್ಟಿ ಆಸರೆ ತಪ್ಪಿ ಕೆಳಗೆ ಜಾರುತ್ತದೆ, ಎರಡೂ ಬದಿಯಲ್ಲಿ ಮೆಟ್ಟಿಲಿನಂತೆ ಗೋಡೆ ನಿಲ್ಲುತ್ತದೆ. ಕೇರನ್‌ನ ಸೆರೆನಿಟಿ ಕಮರಿ, ಅದರ ಪಕ್ಕದ ಮಂಜೆಟ್ ಕಮರಿ ಎರಡೂ ಈ ಎರಡನೇ ಜಾತಿ. ಉತ್ತರದ ಆಸ್ ಟೆರಾ ಎಂಬ ಎತ್ತರದ ಸೀಮೆಯೂ ಅಷ್ಟೆ: ನೆಲಕ್ಕೆ ಬಿದ್ದು ಒಡೆದ ಹೆಂಚಿನಂತೆ ಚೂರುಚೂರು, ಚೂರುಗಳ ನಡುವೆ ಆಳವಾದ ಸಂದು. ಒತ್ತಡದ ಮಡಿಕೆ ಎನ್ನಲು ಒಂದೂ ಸರಿಯಾದ ಗುರುತು ಸಿಗುವುದಿಲ್ಲ. ಎಲ್ಲ ಸಂದುಗಳನ್ನೂ ಅಳೆದು ಕೂಡಿದವರು ಮೇಲ್ಮೈ ಸುಮಾರು 1 ಶೇಕಡಾ ಹಿಗ್ಗಿದೆ ಎನ್ನುತ್ತಾರೆ. ಒಂದು ಶೇಕಡಾ ತಾನೇ ಎನ್ನಬೇಡಿ. ಮೇಲ್ಮೈ ಒಂದು ಶೇಕಡಾ ಹೆಚ್ಚಬೇಕಾದರೆ ತ್ರಿಜ್ಯ ಅರ್ಧ ಶೇಕಡಾ ಹೆಚ್ಚಬೇಕು. ಕೇರನ್‌ನ ತ್ರಿಜ್ಯ 606 ಕಿ.ಮೀ. ಅಂದರೆ ಇಡೀ ಚಂದ್ರ ಎಲ್ಲ ದಿಕ್ಕಿನಲ್ಲೂ ಮೂರು ಕಿಲೋಮೀಟರ್ ಉಬ್ಬಿದೆ! ಈ ಲೆಕ್ಕವನ್ನು ಮಕ್ಕಳಿಂದಲೇ ಮಾಡಿಸಿ.

ಲೋಕವೊಂದು ಉಬ್ಬುವುದು ಸಾಮಾನ್ಯ ಸಂಗತಿಯಲ್ಲ. ಬುಧನನ್ನು ನೋಡಿ, ಅದರ ಕಬ್ಬಿಣದ ಹೊಟ್ಟೆ ತಣ್ಣಗಾದಂತೆ ಅದು ಕುಗ್ಗಿತು, ಮೈಯೆಲ್ಲ ಬಾಡಿದ ಬದನೆಕಾಯಿಯ ಹಾಗೆ ಸುಕ್ಕಾಯಿತು. ತಣ್ಣಗಾದದ್ದು ಕುಗ್ಗಬೇಕು, ಅದು ಪಾಠದಲ್ಲಿರುವ ನಿಯಮ. ಆ ನಿಯಮಕ್ಕೆ ಸೊಪ್ಪು ಹಾಕದ ಪದಾರ್ಥ ನಮ್ಮ ಅಡುಗೆಮನೆಯಲ್ಲೇ ಇದೆ. ಹೆಪ್ಪುಗಟ್ಟುವಾಗ ನೀರು ಸುಮಾರು 9 ಶೇಕಡಾ ಹೆಚ್ಚು ಜಾಗ ಕೇಳುತ್ತದೆ. ನನ್ನ ಮೊಮ್ಮಗ ಫ್ರೀಜರಿನಲ್ಲಿ ಇಟ್ಟು ಮರೆತ ಗಾಜಿನ ಬಾಟಲಿಯನ್ನು ಯಾವ ಗ್ರಹವೂ ಬಂದು ಎಳೆದಿರಲಿಲ್ಲ.

ಕೇರನ್ ಹುಟ್ಟಿದ ಕಾಲಕ್ಕೆ ಹೋಗೋಣ. ಅದರ ಸಾಂದ್ರತೆ ನೀರಿನ 1.7 ಪಟ್ಟು, ಅಂದರೆ ಕಲ್ಲು ಮತ್ತು ಹಿಮ ಎರಡೂ ಬೆರೆತ ಗೋಳ. ಕಲ್ಲಿನಲ್ಲಿದ್ದ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂಗಳ ವಿಕಿರಣದ ಶಾಖ ಒಳಗೆ ಕೂಡಿಕೊಂಡಿತು. ಪ್ಲುಟೋದ ಜೊತೆ ಢಿಕ್ಕಿಯಾಗಿ ಹುಟ್ಟಿದ ಜೋಡಿ ಇದು, ಆ ಹೊತ್ತಿನ ಶಾಖವೂ ಸ್ವಲ್ಪ ಇದ್ದಿರಬೇಕು. ಕಲ್ಲು ಕೆಳಗಿಳಿಯಿತು, ಅದರ ಮೇಲೆ ನೀರಿನ ಕಡಲು, ಕಡಲಿನ ಮೇಲೆ ಹಿಮದ ಚಿಪ್ಪು. ಆ ನೀರಿನಲ್ಲಿ ಅಮೋನಿಯಾ ಇದ್ದಿರಬೇಕು, ಯಾಕೆಂದರೆ ಇವತ್ತಿಗೂ ಕೆಲವು ಕುಳಿಗಳ ಬಳಿ ಅಲ್ಲಿಂದ ಬರುವ ಬೆಳಕನ್ನು ಬಣ್ಣಗಳಾಗಿ ಬಿಡಿಸಿ ನೋಡಿದರೆ ಅದರ ಗುರುತು ಕಾಣುತ್ತದೆ. ಅಮೋನಿಯಾ ಬೆರೆತ ನೀರು ಬೇಗ ಗಟ್ಟಿಯಾಗುವುದಿಲ್ಲ, ತುಂಬಾ ಬೆರೆತರೆ ಶೂನ್ಯಕ್ಕಿಂತ 97 ಡಿಗ್ರಿ ಕೆಳಗೂ ದ್ರವವಾಗಿಯೇ ಇರಬಲ್ಲದು. ಆದರೂ ಇಷ್ಟು ಸಣ್ಣ ಲೋಕ ಎಷ್ಟು ದಿನ ಬೆಚ್ಚಗಿದ್ದೀತು? ಮೇಲಿನಿಂದ ಚಿಪ್ಪು ದಪ್ಪವಾಗುತ್ತಾ ಬಂತು. ಹೊಸದಾಗಿ ಗಟ್ಟಿಯಾದ ಪ್ರತಿಯೊಂದು ಪದರವೂ ಹೆಚ್ಚು ಜಾಗ ಕೇಳಿತು. ಕೆಳಗೆ ಕಲ್ಲು, ಅತ್ತ ಸರಿಯಲು ಸಾಧ್ಯವಿಲ್ಲ. ಉಳಿದದ್ದು ಮೇಲಕ್ಕೆ, ಹೊರಕ್ಕೆ. ಹೊರಗಿನ ಹಿಮವೋ ಶೂನ್ಯಕ್ಕಿಂತ 220 ಡಿಗ್ರಿ ಕೆಳಗಿನ ಚಳಿಯಲ್ಲಿ ಕಲ್ಲಿನಷ್ಟೇ ಬಿರುಸು, ಬಗ್ಗುವ ಜಾಯಮಾನದ್ದಲ್ಲ. ಬಿರಿಯಿತು.

ಗುರುವಿನ ದೊಡ್ಡ ಚಂದ್ರ ಗ್ಯಾನಿಮೀಡ್‌ನಂಥ ಕಡೆ ಈ ಲೆಕ್ಕ ಇಷ್ಟು ಸಲೀಸಲ್ಲ ಎನ್ನುವುದನ್ನೂ ಹೇಳಿಬಿಡುತ್ತೇನೆ. ಅಲ್ಲಿ ಆಳದಲ್ಲಿ ಒತ್ತಡ ಎಷ್ಟಿದೆಯೆಂದರೆ ನೀರಿಗಿಂತ ಭಾರವಾದ, ಮುಳುಗುವ ಬಗೆಯ ಹಿಮ ಹುಟ್ಟುತ್ತದೆ. ಕೇರನ್ ಚಿಕ್ಕದು, ಅದರ ತಳದಲ್ಲೂ ಇರುವುದು ನಮ್ಮ ಐಸ್ ಟ್ರೇಯಲ್ಲಿರುವ ಅದೇ ಹಿಮ. ಗಟ್ಟಿಯಾದರೆ ಉಬ್ಬಲೇಬೇಕು. ಈ ಚಂದ್ರನ ಮೇಲೆ ನನಗಿರುವ ಮೋಹಕ್ಕೆ ಈ ಸರಳತನವೇ ಕಾರಣ.

ದೂರದರ್ಶಕಪ್ರಿಯರು ಎತ್ತಿದ ಅಂಡಾಕಾರದ ಕಕ್ಷೆಯ ಮಾತು ತೂಕದ್ದು. ಆದರೆ ಗ್ರಹ ಹಿಂಡಿ ಒಡೆದ ಬಿರುಕಿಗೆ ಒಂದು ವಿನ್ಯಾಸ ಇರುತ್ತದೆ. ಯಾವ ಅಕ್ಷಾಂಶದಲ್ಲಿ ಬಿರುಕು ಯಾವ ದಿಕ್ಕಿಗೆ ಹರಿಯಬೇಕು ಎಂದು ಮುಂಚೆಯೇ ಲೆಕ್ಕ ಹಾಕಿ ನಕ್ಷೆ ಬರೆಯಬಹುದು. ನೌಕೆ ತಲುಪುವ ಮುನ್ನವೇ ಅಂಥ ನಕ್ಷೆ ಬರೆದಿಟ್ಟಿದ್ದರು. ಫೋಟೋ ಬಂದ ಮೇಲೆ ನೋಡಿದರೆ ಕಮರಿಗಳು ಅದಕ್ಕೆ ಹೊಂದಲಿಲ್ಲ. ಕಕ್ಷೆ ದುಂಡಗಾಗಿ, ಇಬ್ಬರೂ ಮುಖಾಮುಖಿ ನಿಂತ ಮೇಲೆಯೇ ಚಿಪ್ಪು ಒಡೆದಿರಬೇಕು. ನಿಮ್ಮ ಹುಡುಗಿ ಹೇಳಿದ್ದೂ ಇದನ್ನೇ.

ಇದೆಲ್ಲ ಯಾವಾಗ? ಕಮರಿಗಳ ದಕ್ಷಿಣಕ್ಕೆ ವಲ್ಕನ್ ಎಂಬ ಬಯಲಿದೆ, ಉತ್ತರದ ಒಡಕು ಸೀಮೆಗಿಂತ ತಗ್ಗು, ನುಣುಪು. ಅಲ್ಲಿ ಹಿಮದ ಲಾವಾ ಹರಿದು ಹಳೆಯ ನೆಲವನ್ನು ಮುಚ್ಚಿಹಾಕಿದೆ. ಹರಿದದ್ದು ನೀರಿನ ಹಾಗಲ್ಲ. ಅಂಬಲಿಯಂತೆ ಅಲ್ಲ, ಮುದ್ದೆ ತಿರುವುವ ಹೊತ್ತಿನ ಹಿಟ್ಟಿನಂತೆ. ಅಲ್ಲಿ ಕ್ಯೂಬ್ರಿಕ್ ಎಂಬ ಬೆಟ್ಟವೊಂದಿದೆ, ಅದರ ಸುತ್ತ ಕೋಟೆಯ ಕಂದಕದಂತೆ ಹಳ್ಳ. ಮಂದವಾದ ಹಿಮಪಾಕ ಬೆಟ್ಟದ ಬುಡದವರೆಗೆ ಬಂದು ಅಲ್ಲೇ ನಿಂತಿತೋ, ಬೆಟ್ಟವೇ ತನ್ನ ಭಾರಕ್ಕೆ ಕುಸಿಯಿತೋ, ಪಂಡಿತರು ಇನ್ನೂ ಜಗಳವಾಡುತ್ತಿದ್ದಾರೆ. ಆ ಬಯಲಿನ ಮೇಲೆ ಬಿದ್ದ ಉಲ್ಕಾಕುಳಿಗಳನ್ನು ಎಣಿಸಿ ಅದರ ವಯಸ್ಸು ಸುಮಾರು 400 ಕೋಟಿ ವರ್ಷ ಎನ್ನುತ್ತಾರೆ. ಬೆಂಗಳೂರಿನ ಲಾಲ್‌ಬಾಗ್ ಬಂಡೆಗೆ ಸುಮಾರು 300 ಕೋಟಿ. ನಾನು ಜೀವಮಾನವೆಲ್ಲ ‘ಅತಿ ಪುರಾತನ’ ಎಂದು ವರದಿಯಲ್ಲಿ ಬರೆದ ಕಲ್ಲುಗಳು ಹುಟ್ಟುವುದಕ್ಕೂ ಮುಂಚೆ ಕೇರನ್‌ನ ಕಥೆ ಹೆಚ್ಚುಕಡಿಮೆ ಮುಗಿದುಹೋಗಿತ್ತು. ಆಮೇಲೆ ಅಲ್ಲಿ ಗಾಳಿ ಇಲ್ಲ, ಮಳೆ ಇಲ್ಲ, ಅಳಿಸುವವರೇ ಇಲ್ಲ.

ಮಕ್ಕಳನ್ನು ಕರೆದುಕೊಂಡು ನಿಮ್ಮ ಊರಿನ ಆಸುಪಾಸಿನಲ್ಲೇ ಒಂದು ಸುತ್ತು ಹೋಗಿ. ಬಿಳಿಚಿದ ಬಂಡೆಯ ಮಧ್ಯೆ ಗೆರೆ ಎಳೆದಂತೆ ಕರಿಕಲ್ಲಿನ ಪಟ್ಟಿ ಎಲ್ಲಾದರೂ ಸಿಗುತ್ತದೆ. ನೆಲ ಹಿಗ್ಗಿ ಸೀಳಿದಾಗ ಕೆಳಗಿನ ಕರಗಿದ ಕಲ್ಲು ಸಂದಿಗೆ ನುಗ್ಗಿ ಅಲ್ಲೇ ಗಟ್ಟಿಯಾದದ್ದು ಅದು. ಬಿಳಿಯ ಬಂಡೆಯನ್ನು ಕರಿಯದು ಕತ್ತರಿಸಿದೆ, ಆದ್ದರಿಂದ ಕರಿಯದು ವಯಸ್ಸಿನಲ್ಲಿ ಚಿಕ್ಕದು. ಕೇರನ್‌ನಲ್ಲೂ ಓದುವುದು ಇದೇ ಅಕ್ಷರಮಾಲೆಯನ್ನು: ಕುಳಿಯನ್ನು ಬಿರುಕು ಕತ್ತರಿಸಿದೆಯೋ, ಬಿರುಕಿನ ಮೇಲೆ ಕುಳಿ ಬಿದ್ದಿದೆಯೋ.

ಮಾಡಿ ತೋರಿಸುವುದಕ್ಕೆ: ಬಲೂನಿಗೆ ಗಾಳಿ ಉಳಿಯದಂತೆ ನೀರು ತುಂಬಿ ಕಟ್ಟಿ. ಹೊರಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ತೆಳ್ಳಗೆ ಬಳಿದು ಒಣಗಿಸಿ. ಫ್ರೀಜರಿನಲ್ಲಿ ಎರಡು ರಾತ್ರಿ ಇಡಿ. ಪ್ಲುಟೋವನ್ನು ಹತ್ತಿರ ಬಿಡಬೇಡಿ.

ಭಾಗವತವಾಚಕ:

ಭೂವಿಜ್ಞಾನ ನನಗೆ ತಿಳಿಯದು. ಆದರೆ ಕೇರನ್ ಎಂದ ಕೂಡಲೇ ಒಂದು ಮಾತು ಹೇಳದೆ ಇರಲಾರೆ. 2018ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಅಲ್ಲಿನ ಹನ್ನೆರಡು ಜಾಗಗಳಿಗೆ ಹೆಸರಿಟ್ಟಾಗ ಒಂದು ಕುಳಿಗೆ ರೇವತಿ ಎಂದು ಇಟ್ಟಿದೆ. ಬಲರಾಮನ ಹೆಂಡತಿ ರೇವತಿಯೇ. ಮಹಾಭಾರತದ ಪಾತ್ರ, ಕಾಲಯಾನದ ಮೊದಲ ಕಥೆ ಎಂಬುದು ಅವರು ಕೊಟ್ಟ ವಿವರಣೆ. ಕಥೆ ವಿಸ್ತಾರವಾಗಿ ಸಿಗುವುದು ಭಾಗವತದ ಒಂಬತ್ತನೇ ಸ್ಕಂಧದಲ್ಲಿ ಎಂದು ಅವರಿಗೆ ಯಾರಾದರೂ ಹೇಳಬೇಕಿತ್ತು.

ರಾಜ ಕಕುದ್ಮಿ ಮಗಳಿಗೆ ವರ ಯಾರು ಎಂದು ಕೇಳಲು ಅವಳನ್ನೇ ಕರೆದುಕೊಂಡು ಬ್ರಹ್ಮಲೋಕಕ್ಕೆ ಹೋಗುತ್ತಾನೆ. ಅಲ್ಲಿ ಸಂಗೀತ ನಡೆಯುತ್ತಿರುತ್ತದೆ, ಮುಗಿಯಲಿ ಎಂದು ಕಾಯುತ್ತಾನೆ. ಆಮೇಲೆ ಬ್ರಹ್ಮ ನಗುತ್ತಾನೆ: ನೀನು ಕಾದ ಹೊತ್ತಿಗೆ ಭೂಮಿಯಲ್ಲಿ 27 ಚತುರ್ಯುಗ ಕಳೆದಿವೆ, ನೀನು ಮನಸ್ಸಿನಲ್ಲಿ ಇಟ್ಟುಕೊಂಡ ವರರ ಮೊಮ್ಮಕ್ಕಳೂ ಉಳಿದಿಲ್ಲ. ಕೊನೆಗೆ ಹಿಂದಿನ ಯುಗದ ಎತ್ತರದ ಹೆಣ್ಣನ್ನು ಬಲರಾಮ ನೇಗಿಲ ತುದಿಯಿಂದ ತಗ್ಗಿಸಿ ಮದುವೆಯಾದನೆಂದು ವಿಷ್ಣುಪುರಾಣ ಹೇಳುತ್ತದೆ. ಸುತ್ತಿಗೆಯವರು ಹೇಳಿದ 400 ಕೋಟಿ ವರ್ಷವನ್ನು ಓದಿದಾಗ ಹೆಸರು ಸರಿಯಾದ ಜಾಗಕ್ಕೇ ಬಿದ್ದಿದೆ ಎನಿಸಿತು.

ಡುಲೂತ್‌ನ ಚಳಿ:

ನಾನು ಇರುವುದು ಅಮೆರಿಕದ ಮಿನೆಸೋಟದಲ್ಲಿ. ಜನವರಿಯಲ್ಲಿ ನಮ್ಮ ಮನೆಯ ಹತ್ತಿರದ ಕೆರೆ ಗಟ್ಟಿಯಾದಾಗ ರಾತ್ರಿಯೆಲ್ಲ ಹಿಮ ಗುಡುಗುತ್ತದೆ. ಮೊದಲ ವರ್ಷ ಯಾರೋ ಗುಂಡು ಹಾರಿಸುತ್ತಿದ್ದಾರೆಂದು ಹೆದರಿದ್ದೆ. ಹಿಮ ಒಡೆಯುವುದನ್ನು ಕಿವಿಯಾರೆ ಕೇಳಿದವನಾಗಿ ಸುತ್ತಿಗೆ ಸರ್ ಅವರಿಗೆ ಒಂದು ತಕರಾರು.

ಬಿರುಕಿನ ಮಾತು ಒಪ್ಪುತ್ತೇನೆ, ಲಾವಾದ ಮಾತು ಒಪ್ಪಲು ಕಷ್ಟ. ನಿಮ್ಮ ಕರಿಕಲ್ಲಿನ ಹೋಲಿಕೆ ಅಲ್ಲಿಗೆ ಒಗ್ಗುವುದಿಲ್ಲ. ಹಿಮ ನೀರಿನ ಮೇಲೆ ತೇಲುತ್ತದೆ, ನೀರು ಭಾರ. ನಮ್ಮ ಕೆರೆಯಲ್ಲಿ ಮೀನು ಹಿಡಿಯಲು ಹಿಮದಲ್ಲಿ ತೂತು ಕೊರೆದರೆ ನೀರು ಅಂಚಿನವರೆಗೆ ಏರುವುದೇ ಇಲ್ಲ, ಸ್ವಲ್ಪ ಕೆಳಗೇ ನಿಲ್ಲುತ್ತದೆ. ಹತ್ತಿಪ್ಪತ್ತು ಅಂಗುಲದ ಹಿಮಕ್ಕೆ ಇದು ಅಂಗುಲದ ವ್ಯತ್ಯಾಸ. ಆದರೆ 100 ಕಿ.ಮೀ. ದಪ್ಪದ ಚಿಪ್ಪು ಆದರೆ? ನೀರು ತಾನಾಗಿ ಏರುವುದು 92 ಕಿ.ಮೀ. ತನಕ, ಉಳಿದ ಎಂಟು ಕಿ.ಮೀ. ಯಾರಾದರೂ ಕೆಳಗಿನಿಂದ ದೂಡಬೇಕು. ಅದೂ ಬಿರುಕು ಅಷ್ಟು ಆಳಕ್ಕೆ ಇಳಿದಿದ್ದರೆ. 2023ರಲ್ಲಿ ಅಲಿಸಾ ರೋಡನ್ ಮತ್ತು ಸಂಗಡಿಗರು ಪ್ರಕಟಿಸಿದ ಲೆಕ್ಕವೂ ಇದನ್ನೇ ಹೇಳುತ್ತದೆ: ಬಿರುಕು ಕಡಲಿನವರೆಗೆ ಇಳಿಯಬೇಕಾದರೆ ಆಗ ಚಿಪ್ಪು 10 ಕಿ.ಮೀ.ಗಿಂತ ತೆಳ್ಳಗಿರಬೇಕಿತ್ತು. ಕಡಲು ಹೆಚ್ಚುಕಡಿಮೆ ಹೆಪ್ಪುಗಟ್ಟಿ ಮುಗಿಯುವ ಹೊತ್ತಿಗೆ ಚಿಪ್ಪು ನೂರು ಕಿ.ಮೀ. ದಾಟಿರುತ್ತದಲ್ಲ?

ಹಳೆಸುತ್ತಿಗೆ:

ಡುಲೂತ್‌ನವರೇ, ತಕರಾರು ಪೂರ್ತಿ ಸ್ವೀಕಾರ. ಕರಿಕಲ್ಲಿನ ಉತ್ಸಾಹದಲ್ಲಿ ಆ ಪ್ಯಾರಾ ಬರೆದಾಗ ನಾನು ಇದನ್ನು ನುಂಗಿಕೊಂಡೆ. ಅಳುಕಿನಿಂದಲ್ಲ, ಮೇಡಂಗೆ ಗುರುವಾರದೊಳಗೆ ಉತ್ತರ ಬೇಕಿತ್ತು ಎಂಬ ಆತುರದಿಂದ. ಕರಗಿದ ಕಲ್ಲು ಸುತ್ತಲಿನ ಕಲ್ಲಿಗಿಂತ ಹಗುರ, ತಾನಾಗಿ ಮೇಲೆ ಬರುತ್ತದೆ. ನೀರಿಗೆ ಆ ಭಾಗ್ಯ ಇಲ್ಲ. ಹಿಮಲೋಕಗಳ ಲಾವಾಕ್ಕೆ ಇರುವ ಹಳೆಯ ಶಾಪ ಅದು.

ದೂಡುವವರು ಇಲ್ಲದೆ ಇಲ್ಲ. ಚಿಪ್ಪು ದಪ್ಪವಾಗುವಾಗ ಉಳಿದ ನೀರಿಗೆ ಜಾಗ ಸಾಲದೆ ಒತ್ತಡ ಏರುತ್ತದೆ, ಬಾಟಲಿಯ ಮುಚ್ಚಳ ಹಾರಿಸುವ ಒತ್ತಡವೇ. ಆದರೆ ಎಂಟು ಕಿಲೋಮೀಟರ್ ನೀರನ್ನು ಎತ್ತುವಷ್ಟು ಒತ್ತಡ ಕೂಡುವ ಮೊದಲೇ ಹಿಮ ಬಿರಿದು ಅದನ್ನು ಸಡಿಲಿಸಿಬಿಡುತ್ತದೆ. ಹಾಗಾಗಿ ಉಳಿಯುವ ದಾರಿ ಎರಡು. ಚಿಪ್ಪು ಇನ್ನೂ ತೆಳ್ಳಗಿದ್ದ ಎಳೆಯ ಕಾಲದಲ್ಲೇ ನೀರು ಹೊರಗೆ ಬಂತು ಎನ್ನಬೇಕು, ಇಲ್ಲವೇ ಬಯಲನ್ನು ಮುಚ್ಚಿದ್ದು ಕಡಲಿನ ನೀರೇ ಅಲ್ಲ, ಚಿಪ್ಪಿನೊಳಗೇ ಅಲ್ಲಲ್ಲಿ ಬೆಚ್ಚಗಾಗಿ ಮೆತ್ತಗಾದ ಅಮೋನಿಯಾ ಬೆರೆತ ಹಿಮ ಎನ್ನಬೇಕು. ನನ್ನ ಒಲವು ಎರಡನೆಯದರ ಕಡೆಗೆ, ಯಾಕೆಂದರೆ ಆ ಬಯಲಿನ ಅಂಚುಗಳು ಅಷ್ಟು ಮಂದವಾಗಿವೆ; ನೇರವಾಗಿ ಕಡಲಿನಿಂದ ಚಿಮ್ಮಿದ ನೀರು ಹೀಗೆ ಮುದ್ದೆಯಂತೆ ನಿಲ್ಲುತ್ತಿರಲಿಲ್ಲ. ಒಲವು ಎಂದೆ, ತೀರ್ಪು ಎಂದಿಲ್ಲ. ಕ್ಷೇತ್ರಕ್ಕೆ ಹೋಗಿ ಒಂದು ಚೂರು ಒಡೆದು ನೋಡದೆ ತೀರ್ಪು ಕೊಡುವುದನ್ನು ನಾನು ಯಾವತ್ತೂ ಮಾಡಿಲ್ಲ, ಅಲ್ಲಿಗೆ ಹೋಗುವ ಬಸ್ಸು ಸದ್ಯಕ್ಕೆ ಇಲ್ಲ.

ಮೇಡಂ, ಎಂಟನೇ ತರಗತಿಗೆ ಈ ಗೊಂದಲವನ್ನೂ ಹೇಳಿ. ಮುಚ್ಚಿಟ್ಟರೆ ಆ ಹುಡುಗಿ ಹೇಗಿದ್ದರೂ ಹಿಡಿಯುತ್ತಾಳೆ. ಢಿಕ್ಕಿಯ ಬಗ್ಗೆಯೂ ಹೊಸ ಮಾತು ಬಂದಿದೆ. ಪ್ಲುಟೋ, ಕೇರನ್ ಎರಡೂ ಗುದ್ದಿಕೊಂಡಾಗ ಪುಡಿಯಾಗಲಿಲ್ಲ, ಕೆಲವು ಗಂಟೆ ಒಂದಕ್ಕೊಂದು ಅಂಟಿಕೊಂಡು ತಿರುಗಿ ಆಮೇಲೆ ಬೇರೆಯಾದವು ಎಂದು 2025ರ ಜನವರಿಯಲ್ಲಿ ಅಡೀನ್ ಡೆಂಟನ್ ತಂಡ ಬರೆದಿದೆ. ಹಾಗಾಗಿದ್ದರೆ ಕೇರನ್ ತನ್ನ ಹಳೆಯ ಕಲ್ಲು, ಹಿಮವನ್ನೆಲ್ಲ ಬಹುಪಾಲು ಉಳಿಸಿಕೊಂಡೇ ಬಂದಿದೆ.

ಹೊಸದುರ್ಗದ ಟೀಚರ್:

ಎಲ್ಲರಿಗೂ ಧನ್ಯವಾದ. ಗುರುವಾರ ತರಗತಿ ಆಯಿತು, ವರದಿ ಒಪ್ಪಿಸುತ್ತಿದ್ದೇನೆ.

ಮೊದಲಿಗೆ ಹಿಂದಿನ ವಾರ ಹೇಳಿದ್ದು ತಪ್ಪು ಎಂದು ಬೋರ್ಡಿನ ಮೇಲೇ ಬರೆದೆ. ಮಕ್ಕಳಿಗೆ ಆದ ಸಂತೋಷ ನೋಡಬೇಕಿತ್ತು. ತ್ರಿಜ್ಯದ ಲೆಕ್ಕ ನಾಲ್ವರು ಸರಿಯಾಗಿ ಮಾಡಿದರು. ಒಬ್ಬ 300 ಕಿ.ಮೀ. ಎಂದು ತಂದು ತೋರಿಸಿ, ಹಾಗಾದರೆ ಕೇರನ್ ಹಲಸಿನಹಣ್ಣಿನಂತೆ ಬಿರಿದು ಬೀಳುತ್ತಿತ್ತು ಎಂದು ತಾನೇ ಅಳಿಸಿಕೊಂಡ.

ಬಲೂನಿನ ಕಥೆ ದೊಡ್ಡದು. ಶಾಲೆಯಲ್ಲಿ ಫ್ರಿಜ್ ಇಲ್ಲ. ಬಸ್ ನಿಲ್ದಾಣದ ಪಕ್ಕದ ಐಸ್‌ಕ್ರೀಂ ಅಂಗಡಿಯ ಅಣ್ಣನ ಕೈಕಾಲು ಹಿಡಿದು ಅವರ ಡೀಪ್ ಫ್ರೀಜರಿನಲ್ಲಿ ಜಾಗ ಕೇಳಿದೆವು. ಮೊದಲನೆಯ ಗೋಳಕ್ಕೆ ಏನೂ ಆಗಲಿಲ್ಲ. ತುಂಬುವಾಗ ಒಳಗೆ ಗಾಳಿ ಉಳಿದಿತ್ತು, ಉಬ್ಬಿದ ಹಿಮ ಆ ಜಾಗಕ್ಕೇ ಹೋಗಿ ಕುಳಿತಿತ್ತು. ಎರಡನೆಯದನ್ನು ಬಕೆಟ್ಟಿನ ನೀರಿನೊಳಗೇ ಹಿಡಿದು ಕಟ್ಟಿದೆವು. ಎರಡು ರಾತ್ರಿ ಕಳೆದು ತೆಗೆದಾಗ ಪ್ಲಾಸ್ಟರಿನಲ್ಲಿ ಬೆರಳು ಹೋಗುವಷ್ಟು ಅಗಲದ ಒಂದೇ ದೊಡ್ಡ ಬಿರುಕು, ಗೋಳದ ಮುಕ್ಕಾಲು ಸುತ್ತು. ಅದರಿಂದ ಕವಲೊಡೆದ ಕೂದಲೆಳೆಯಷ್ಟು ಸಣ್ಣವು ಏಳೆಂಟು. ಒಂದು ಕಡೆ ಬಲೂನು ಹರಿದು, ಕೊನೆಯಲ್ಲಿ ಉಳಿದಿದ್ದ ನೀರು ಸಂದಿಯಿಂದ ಹೊರಗೆ ಬಂದು ಗಂಟಿನಂತೆ ಗಟ್ಟಿಯಾಗಿತ್ತು. ಡುಲೂತ್‌ನವರ ತಕರಾರನ್ನು ಆಗಲೇ ಹೇಳಿದೆ: ಇದು ಅಂಗೈಯಗಲದ ಚಂದ್ರ, ಇದರ ಚಿಪ್ಪು ತೆಳ್ಳಗೆ, ಅದಕ್ಕೇ ನೀರು ಹೊರಗೆ ಬಂದಿದೆ, ಅಲ್ಲಿ ಹೀಗೇ ಆಯಿತು ಎನ್ನುವಂತಿಲ್ಲ ಎಂದು.

ಗೋಳ ಒಬ್ಬರ ಕೈಯಿಂದ ಒಬ್ಬರಿಗೆ ಹೋಯಿತು. ಆ ಹುಡುಗಿಯ ಹತ್ತಿರ ಬಂದಾಗ ಅವಳು ಅದನ್ನು ತಿರುಗಿಸಿ ಬಿರುಕು ಸುತ್ತದೇ ಉಳಿದಿದ್ದ ಕಾಲು ಭಾಗವನ್ನು ನನ್ನ ಕಡೆಗೆ ಹಿಡಿದಳು. ಅಲ್ಲಿ ಪ್ಲಾಸ್ಟರ್ ಬಳಿದ ದಿನ ಇದ್ದಂತೆಯೇ ನುಣ್ಣಗಿತ್ತು. “ಟೀಚರ್, ನೌಕೆ ಮೂರು ದಿನ ತಡವಾಗಿ ಹೋಗಿದ್ದರೆ ಈ ಕಡೆಯ ಫೋಟೋ ತೆಗೆಯುತ್ತಿತ್ತಲ್ಲವೇ?” ಎಂದಳು.

ಹೌದು ಎಂದೆ. ಗೋಳ ಅಷ್ಟರಲ್ಲಿ ಕರಗಿ ಮೇಜಿನ ಮೇಲೆಲ್ಲ ನೀರು ಹರಡಿತ್ತು, ಒರೆಸಲು ಇಬ್ಬರನ್ನು ಬಿಟ್ಟು ಊಟಕ್ಕೆ ಕಳಿಸಿದೆ. ಮೂರನೆಯ ಗೋಳ ಇನ್ನೂ ಫ್ರೀಜರಿನಲ್ಲೇ ಇದೆ. ಶನಿವಾರ ಕುಲ್ಫಿ ಬರುತ್ತದೆ, ಅಷ್ಟರೊಳಗೆ ನಿಮ್ಮ ಚಂದ್ರನನ್ನು ತೆಗೆದುಕೊಂಡು ಹೋಗಿ ಎಂದು ಅಂಗಡಿಯ ಅಣ್ಣ ಹೇಳಿ ಕಳಿಸಿದ್ದಾರೆ.